ಎರವಲು ಸಂತ, ಎರವಲು ಊಟ

ಸ್ಕಾಟ್ಲೆಂಡಿನ ರಕ್ಷಕ ಸಂತ ಆಂಡ್ರ್ಯೂ ಸ್ಕಾಟ್ಲೆಂಡನ್ನು ಕಂಡವನೇ ಅಲ್ಲ. ಕನ್ನಡ ಬೈಬಲ್ಲಿನಲ್ಲಿ ಅಂದ್ರೆಯ ಎಂಬ ಹೆಸರಿನಿಂದ ಬರುವ ಈತ ಪೇತ್ರನ ಸಹೋದರ, ಗಲಿಲಾಯದ ಸರೋವರದಲ್ಲಿ ಬಲೆ ಬೀಸಿಕೊಂಡಿದ್ದ ಬೆಸ್ತ. ಗ್ರೀಸಿನ ಪಾತ್ರಾಸ್‌ನಲ್ಲಿ ಓರೆ ಶಿಲುಬೆಯ ಮೇಲೆ ಪ್ರಾಣಬಿಟ್ಟ ಎನ್ನುತ್ತದೆ ಐತಿಹ್ಯ. ಬ್ಯಾಗ್‌ಪೈಪಿನ ಸದ್ದಾಗಲಿ ವಿಸ್ಕಿಯ ಘಾಟಾಗಲಿ ಅವನನ್ನು ಮುಟ್ಟಿರಲಾರದು. ಗ್ರೀಸ್, ರಷ್ಯ, ರೊಮೇನಿಯಾ, ಬಾರ್ಬಡೋಸ್‌ಗಳೂ ಅವನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತವೆ. ನಮ್ಮ ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಸ್ಕಾಟ್ಲೆಂಡ್ ಅವನಿಗೆ ಹೆಚ್ಚುವರಿ ಪ್ರಭಾರ.

ಅವನು ಬರದಿದ್ದರೇನು, ಅವನ ಮೂಳೆಗಳು ಬಂದವಂತೆ. ರೆಗ್ಯುಲಸ್ ಎಂಬ ಸನ್ಯಾಸಿಗೆ ಕನಸಿನಲ್ಲಿ ಅಪ್ಪಣೆಯಾಗಿ, ಮೊಣಕಾಲ ಚಿಪ್ಪು, ತೋಳಿನ ಮೂಳೆ, ಮೂರು ಬೆರಳು, ಒಂದು ಹಲ್ಲು ಇಷ್ಟನ್ನು ಕಟ್ಟಿಕೊಂಡು ಹಡಗು ಹತ್ತಿದನೆಂದೂ ಫೈಫ್ ಸೀಮೆಯ ಕಡಲ ದಡಕ್ಕೆ ಬಂದು ಬಿದ್ದನೆಂದೂ ಕಥೆ. ಆ ಊರೇ ಇವತ್ತಿನ ಸೇಂಟ್ ಆಂಡ್ರ್ಯೂಸ್. ಈಗ ಅಲ್ಲಿಗೆ ಬರುವ ಯಾತ್ರಿಕರಲ್ಲಿ ಬಹಳ ಜನರ ಕೈಯಲ್ಲಿರುವುದು ಗಾಲ್ಫ್ ಕೋಲು. 1559ರಲ್ಲಿ ಮತಸುಧಾರಕರು ಅಲ್ಲಿನ ಮಹಾದೇಗುಲಕ್ಕೆ ನುಗ್ಗಿದರು. ಆ ಗಲಾಟೆಯಲ್ಲಿ ಮೂಳೆಗಳು ಇಲ್ಲವಾದವು. ಆಮೇಲೆ ಮತ್ತೆ ಬೇಡಿ ತರಬೇಕಾಯಿತು. 1879ರಲ್ಲಿ ಇಟಲಿಯ ಅಮಾಲ್ಫಿಯ ಆರ್ಚ್‌ಬಿಷಪ್ ಭುಜದ ಮೂಳೆಯ ತುಂಡೊಂದನ್ನು ಕಳಿಸಿಕೊಟ್ಟರು, 1969ರಲ್ಲಿ ಪೋಪ್ ಆರನೇ ಪೌಲ್ ಇನ್ನೊಂದು ಅವಶೇಷ ಕೊಟ್ಟರು. ಎರಡೂ ಎಡಿನ್‌ಬರೋದ ಸೇಂಟ್ ಮೇರಿ ಕೆಥೆಡ್ರಲ್ಲಿನಲ್ಲಿವೆ.

ಬಾವುಟದ ಕಥೆಯೂ ಆಕಾಶದಿಂದಲೇ ಇಳಿದದ್ದು. 832ರಲ್ಲಿ ಅಥೆಲ್‌ಸ್ಟೇನ್‌ಫೋರ್ಡ್ ಬಳಿ ಶತ್ರುಗಳ ಕೈಗೆ ಸಿಕ್ಕಿಬೀಳುವಂತಿದ್ದ ಆಂಗಸ್ ದೊರೆಗೆ ನೀಲಿ ಬಾನಿನಲ್ಲಿ ಬಿಳಿ ಮೋಡಗಳು ಓರೆ ಶಿಲುಬೆಯಾಗಿ ಕಂಡವು, ಯುದ್ಧ ಗೆದ್ದ. ಸ್ಕಾಟ್ಲೆಂಡಿನಲ್ಲಿ ನೀಲಿ ಬಾನು ಕಂಡದ್ದೇ ಪವಾಡ ಅನ್ನುವವರೂ ಇದ್ದಾರು. ಆ ಬಾವುಟದ ಇತಿಹಾಸ ಹೇಳುವ ಕೇಂದ್ರ ಇರುವುದು ಅದೇ ಊರಿನಲ್ಲಿ, 1583ರಲ್ಲಿ ಪಾರಿವಾಳಗಳಿಗೆಂದು ಕಟ್ಟಿಸಿದ ಒಂದು ಗೂಡುಮನೆಯಲ್ಲಿ.

ಇಂಥ ಸಂತನ ದಿನ ನವೆಂಬರ್ 30. ಅಂದು ಎಡಿನ್‌ಬರೋದಲ್ಲಿ ಸೂರ್ಯ ಮಧ್ಯಾಹ್ನ ನಾಲ್ಕಕ್ಕೂ ಮೊದಲೇ ಮನೆಗೆ ಹೊರಟುಬಿಡುತ್ತಾನೆ. ನೌಕರರಿಗೆ ಆ ಭಾಗ್ಯವಿಲ್ಲ. 2007ರಲ್ಲಿ ಸ್ಕಾಟಿಷ್ ಸಂಸತ್ತಿನ ಕಾಯಿದೆಯೊಂದು ಈ ದಿನವನ್ನು ಬ್ಯಾಂಕ್ ರಜೆ ಎಂದು ಸಾರಿತು. ಆದರೆ ಬ್ಯಾಂಕುಗಳು ಬಾಗಿಲು ಹಾಕಲೇಬೇಕೆಂದಿಲ್ಲ, ಮಾಲೀಕರು ರಜೆ ಕೊಡಲೇಬೇಕೆಂದೂ ಇಲ್ಲ. ಬೇಕಾದರೆ ಬೇರೆ ರಜೆಯನ್ನು ಬಿಟ್ಟುಕೊಟ್ಟು ಇದನ್ನು ಪಡೆಯಬಹುದು. ಅಂದರೆ ರಜೆಯೂ ಎರವಲೇ. ಅತ್ತ ಬಾರ್ಬಡೋಸ್ 1966ರ ಇದೇ ದಿನ ಸ್ವಾತಂತ್ರ್ಯ ಪಡೆದು, ಪೂರ್ತಿ ರಜೆ ಹಾಕಿ ಮಜವಾಗಿ ಹಬ್ಬ ಮಾಡುತ್ತದೆ.

ಊಟಕ್ಕೆ ಬರೋಣ. ಬೆಸ್ತನ ಹಬ್ಬವೆಂದ ಮೇಲೆ ಎಲೆಯ ನಡುವೆ ಮೀನು ಕೂರಬೇಕಿತ್ತು. ಮೀನು ಇದೆ, ಆದರೆ ಪಂಕ್ತಿಯ ತುದಿಯಲ್ಲಿ: ಹೊಗೆಗಿಟ್ಟ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು ಸೇರಿಸಿ ಕುದಿಸುವ ಕಲ್ಲನ್ ಸ್ಕಿಂಕ್ ಎಂಬ ಗಟ್ಟಿ ಸೂಪು. ಈಶಾನ್ಯ ಕರಾವಳಿಯ ಕಲ್ಲನ್ ಎಂಬ ಮೀನುಗಾರರ ಊರು ಇದರ ತವರು. ಪಟ್ಟದ ಪೀಠವೇನಿದ್ದರೂ ಹ್ಯಾಗಿಸ್‌ಗೆ. ಕುರಿಯ ಗುಂಡಿಗೆ, ಲಿವರು, ಶ್ವಾಸಕೋಶಗಳನ್ನು ಬೇಯಿಸಿ ಕೊಚ್ಚಿ, ಓಟ್ಸ್ ನುಚ್ಚು, ಈರುಳ್ಳಿ, ಕೊಬ್ಬು, ಮೆಣಸು ಕಲಸಿ, ಅದೇ ಕುರಿಯ ಹೊಟ್ಟೆಯ ಚೀಲಕ್ಕೆ ತುಂಬಿ ಮತ್ತೆ ಬೇಯಿಸುವ ಪದಾರ್ಥ ಅದು. ಬೋಟಿ ಗೊಜ್ಜು ಉಂಡು ಬೆಳೆದ ಹಳೇ ಮೈಸೂರಿನವರು ಇದಕ್ಕೆ ಬೆಚ್ಚಬೇಕಾಗಿಲ್ಲ. ಖಾರ ಸಾಲದು ಎಂದು ಬೇಕಾದರೆ ಮುಖ ಸಿಂಡರಿಸಬಹುದು. ಪಕ್ಕದಲ್ಲಿ ನೀಪ್ಸ್ ಮತ್ತು ಟ್ಯಾಟೀಸ್, ಎಂದರೆ ಬೇಯಿಸಿ ಮಸೆದ ಹಳದಿ ಗೆಡ್ಡೆ ಮತ್ತು ಆಲೂಗಡ್ಡೆ. ಕೊನೆಗೆ ಕ್ರ್ಯಾನಕನ್: ಕಡೆದ ಕೆನೆ, ಹುರಿದ ಓಟ್ಸ್, ಜೇನು, ವಿಸ್ಕಿ, ಮೇಲೆ ರಾಸ್‌ಬೆರ್ರಿ. ರಾಸ್‌ಬೆರ್ರಿ ಬೇಸಿಗೆಯ ಹಣ್ಣು, ಹಬ್ಬ ಕೊರೆಯುವ ನವೆಂಬರಿನದು. ಅದಕ್ಕೇನಂತೆ, ಫ್ರಿಜ್ ಇದೆಯಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಈ ಊಟ ಅಸಲಿಗೆ ಆಂಡ್ರ್ಯೂವಿನದಲ್ಲ. ಹ್ಯಾಗಿಸ್‌ಗೆ 1786ರಲ್ಲಿ ಒಂದು ಕವಿತೆಯನ್ನೇ ಬರೆದು ಅದನ್ನು ರಾಷ್ಟ್ರೀಯ ಖಾದ್ಯವಾಗಿಸಿದವನು ರಾಬರ್ಟ್ ಬರ್ನ್ಸ್. ಅವನ ಹುಟ್ಟುಹಬ್ಬ ಜನವರಿ 25ರಂದು ಬ್ಯಾಗ್‌ಪೈಪಿನ ಮೆರವಣಿಗೆಯಲ್ಲಿ ಹ್ಯಾಗಿಸ್ ಬರುತ್ತದೆ, ಯಜಮಾನ ಕವಿತೆ ಓದುತ್ತಲೇ ಅದಕ್ಕೆ ಚೂರಿ ಹಾಕುತ್ತಾನೆ. ಸಂತನ ಪಾಲಿಗೆ ಎರಡು ತಿಂಗಳು ಮುಂಚಿತವಾಗಿ ಆ ಕವಿಯ ಅಡುಗೆಯೇ.

ಸಸ್ಯಾಹಾರಿಗಳ ಕಷ್ಟವನ್ನೂ ನೀಗಿಸಿದ್ದು ಕವಿಗಳೇ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಕಾವ್ಯ ಗ್ರಂಥಾಲಯ ಶುರುವಾದಾಗ, ಮ್ಯಾಕ್‌ಸ್ವೀನ್ ಎಂಬ ಮಾಂಸದಂಗಡಿಯ ಮನೆತನ ಬೇಳೆಕಾಳು, ತರಕಾರಿ, ಓಟ್ಸ್ ಹಾಕಿದ ಹ್ಯಾಗಿಸ್ ಮಾಡಿಕೊಟ್ಟಿತು. ಕುರಿಯಿಲ್ಲದ ಹ್ಯಾಗಿಸ್ ಇವತ್ತಿಗೂ ಚೆನ್ನಾಗಿ ಮಾರಾಟವಾಗುತ್ತಿದೆ.

ಹಬ್ಬದ ಸಡಗರ ಮಾತ್ರ ಊರಲ್ಲಿದ್ದವರಿಗಿಂತ ಊರು ಬಿಟ್ಟವರಿಗೇ ಜಾಸ್ತಿ. ಮೊದಲ ಸೇಂಟ್ ಆಂಡ್ರ್ಯೂ ಸೊಸೈಟಿ ಹುಟ್ಟಿದ್ದು 1729ರಲ್ಲಿ, ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ. ಆದರೆ 1971ರಿಂದ ಅಮೆರಿಕ ಶ್ವಾಸಕೋಶ ಬೆರೆತ ತಿನಿಸನ್ನು ನಿಷೇಧಿಸಿದ್ದರಿಂದ, ಅಲ್ಲಿನ ಸ್ಕಾಟರಿಗೆ ಅಸಲಿ ಹ್ಯಾಗಿಸ್ ಕನಸಿನ ಮಾತು. ಬೆಂಗಳೂರಿನ ದಂಡಿನಲ್ಲಿದ್ದ ಸ್ಕಾಟರು 1860ರ ದಶಕದಲ್ಲಿ ಕಬ್ಬನ್ ರಸ್ತೆಯಲ್ಲಿ ಆಂಡ್ರ್ಯೂ ಹೆಸರಿನ ಚರ್ಚನ್ನೇ ಪಡೆದರು; ಅದರ ಗಡಿಯಾರದ ಗೋಪುರ ಇಂದಿಗೂ ನಿಂತಿದೆ. ಕಲ್ಕತ್ತದ ಸ್ಕಾಟರಂತೂ ಈ ದಿನದ ಔತಣವನ್ನು ರಾಜಕೀಯದ ವೇದಿಕೆ ಮಾಡಿಕೊಂಡಿದ್ದರು. 1888ರ ನವೆಂಬರ್ 30ರ ಊಟಕ್ಕೆ ಬಂದವರು ಅಧಿಕಾರ ಬಿಟ್ಟು ಹೊರಟಿದ್ದ ವೈಸರಾಯ್ ಲಾರ್ಡ್ ಡಫರಿನ್. ಆತ ಐರ್ಲೆಂಡಿನ ಜಮೀನ್ದಾರ, ಅಂದರೆ ಭಾಷಣಕಾರನೂ ಎರವಲು. ಎದ್ದು ನಿಂತು, ಕಾಂಗ್ರೆಸ್ಸಿನವರು ಸೂಕ್ಷ್ಮದರ್ಶಕ ಹಿಡಿದು ಹುಡುಕಬೇಕಾದಷ್ಟು ಸಣ್ಣ ಗುಂಪು ಎಂದು ಗೇಲಿ ಮಾಡಿದರು.

ತಿಂಗಳು ಕಳೆಯುವಷ್ಟರಲ್ಲಿ ಅಲಹಾಬಾದಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅಧ್ಯಕ್ಷ ಪೀಠದಲ್ಲಿ ಕೂತವರು ಜಾರ್ಜ್ ಯೂಲ್. ಆ ಪೀಠ ಏರಿದ ಮೊದಲ ಭಾರತೀಯೇತರ ಅವರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕಲ್ಕತ್ತದಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಅವರು ನಡೆಸುತ್ತಿದ್ದ ಕಂಪನಿಯ ಹೆಸರು ಆಂಡ್ರ್ಯೂ ಯೂಲ್. ಈಗ ಅದು ಭಾರತ ಸರ್ಕಾರದ ಒಡೆತನದಲ್ಲಿ ಅಸ್ಸಾಂ, ಬಂಗಾಳದ ತೋಟಗಳ ಚಹಾ ಮಾರುತ್ತದೆ.