ಒಂದಕ್ಕೆ ಇಪ್ಪತ್ತೆರಡೂವರೆ

ಜರ್ಮನಿಯ ನ್ಯೂರೆಂಬರ್ಗಿನ ಹತ್ತಿರ ಒಂದು ಊರಲ್ಲಿ ನನ್ನ ಬಾಮೈದ ತನ್ನ ಹಿತ್ತಲಲ್ಲಿ ಸ್ವಿಟ್ಜರ್ಲೆಂಡ್ ಕಟ್ಟುತ್ತಿದ್ದಾನೆ. ಹಾಗೆಂದರೆ ಅವನಿಗೆ ಸಿಟ್ಟು. "ಇಡೀ ಸ್ವಿಟ್ಜರ್ಲೆಂಡಲ್ಲ ಭಾವ, ಗ್ರೌಬ್ಯುಂಡನ್ ಪ್ರಾಂತ್ಯ ಮಾತ್ರ. ಅದರಲ್ಲೂ ಆಲ್ಬುಲಾ ಲೈನು ಮಾತ್ರ" ಅಂತ ತಿದ್ದುತ್ತಾನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಉಳಿದದ್ದೆಲ್ಲ ರೈಲು. ಅಳತೆ ಟೇಪು ಜೇಬಲ್ಲಿ ಸದಾ ಇರುತ್ತದೆ. ಅವನ ಬಾಯಲ್ಲಿ ಸದಾ ಇರುವ ಇನ್ನೊಂದು ವಸ್ತು 'ಒಂದಕ್ಕೆ ಇಪ್ಪತ್ತೆರಡೂವರೆ'.

ಅದೇನು ಮಂತ್ರ ಅಂತೀರೋ? ಲೇಮನ್ ಅನ್ನೋ ಹಳೇ ಆಟಿಕೆ ಕಂಪನಿಯವರು 1968ರ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಎಲ್‌ಜಿಬಿ ಅನ್ನೋ ದೊಡ್ಡ ಗಾತ್ರದ ರೈಲು ತಂದರು. ಮಳೆ ಬಿಸಿಲಿಗೆ ಹೊರಗೇ ಬಿಡಬಹುದಾದ ರೈಲು. ಅದರ ಎರಡು ಹಳಿಗಳ ನಡುವೆ 45 ಮಿಲಿಮೀಟರ್. ಮೀಟರ್ ಗೇಜನ್ನು ಇಪ್ಪತ್ತೆರಡೂವರೆಯಿಂದ ಭಾಗಿಸಿದರೆ ಹೆಚ್ಚೂಕಮ್ಮಿ ಅಷ್ಟೇ ಬರುತ್ತದೆ. ಆಮೇಲೆ ಆ ಕಂಪನಿ ದಿವಾಳಿಯೆದ್ದು, 2007ರಲ್ಲಿ ಮಾರ್ಕ್ಲಿನ್ ಪಾಲಾಯಿತು. ಬ್ರಾಂಡು ಮಾತ್ರ ಉಳಿದಿದೆ. ಮಕ್ಕಳ ಆಟಿಕೆ ಅಂತ ಹೆಸರು, ನಿಜ. ಆದರೆ ಅಂಗಡಿಯಲ್ಲಿ ನಿಂತು ನೋಡಿ: ಮಗು ಐಸ್‌ಕ್ರೀಮಿಗೆ ಅಳುತ್ತಿರುತ್ತೆ, ಅಪ್ಪ ಎಂಜಿನ್ನಿನ ಮುಂದೆ ಕಣ್ಣು ಮಿಟುಕಿಸದೆ ನಿಂತಿರುತ್ತಾನೆ.

ಮನೆ ಇರೋದು ಜರ್ಮನಿಯಲ್ಲಿ, ರೈಲು ಯಾಕೆ ಸ್ವಿಸ್ಸು? ಇದಕ್ಕೆ ಅವನ ಹತ್ತಿರ ಒಳ್ಳೇ ಉತ್ತರವೇ ಇದೆ, ಒಪ್ಪಿಕೊಳ್ಳಬೇಕು. ಬಯಲು ಸೀಮೆಯ ದೊಡ್ಡ ರೈಲಿಗೆ ತಿರುಗೋಕೆ ನೂರಾರು ಮೀಟರ್ ತ್ರಿಜ್ಯದ ತಿರುವು ಬೇಕು, ಅದನ್ನು ಎಷ್ಟು ಕುಗ್ಗಿಸಿದರೂ ಹಿತ್ತಲು ಸಾಲದು. ಗ್ರೌಬ್ಯುಂಡನ್ನಿನವರು ಬೆಟ್ಟದ ಮೈಗೆ ಅಂಟಿಕೊಂಡು ಹೋಗಲಿ, ಖರ್ಚೂ ಉಳಿಯಲಿ ಅಂತ ಮೀಟರ್ ಗೇಜೇ ಹಾಕಿದರು. ಆಲ್ಬುಲಾ ಲೈನಿನಲ್ಲಿ ಬೆರ್ಗ್ಯುನ್‌ನಿಂದ ಪ್ರೇಡಾಕ್ಕೆ ಹಕ್ಕಿ ಹಾರಿದರೆ ಆರು ಕಿಲೋಮೀಟರ್ ಚಿಲ್ಲರೆ. ಏರು 400 ಮೀಟರಿಗೂ ಮೇಲೆ. ರೈಲು ಅದನ್ನು ಒಂದೇ ಉಸಿರಿಗೆ ಹತ್ತಲಾರದು ಅಂತ, ಬೆಟ್ಟದ ಹೊಟ್ಟೆಯೊಳಗೆ ಸುತ್ತು ಹಾಕಿಸಿ, ಕಣಿವೆ ದಾಟಿಸಿ, ಮತ್ತೆ ಹೊಟ್ಟೆಗೆ ನುಗ್ಗಿಸಿ, ದಾರಿಯನ್ನು 12 ಕಿಲೋಮೀಟರಿಗೂ ಹೆಚ್ಚು ಮಾಡಿದರು. ಎಡಗಡೆ ಕಂಡ ಊರು ಸ್ವಲ್ಪ ಹೊತ್ತಿಗೆ ಬಲಗಡೆ, ಕೆಳಗಡೆ ಕಾಣುತ್ತೆ. ಅಂದರೆ ದೊಡ್ಡ ರೈಲನ್ನು ಸಣ್ಣ ಜಾಗದಲ್ಲಿ ತುರುಕುವ ಕಷ್ಟವನ್ನೆಲ್ಲ ಅವರೇ 1903ಕ್ಕೆ ಮೊದಲೇ ಪಟ್ಟುಬಿಟ್ಟಿದ್ದಾರೆ. ಇವನು ಬರೀ ಇಪ್ಪತ್ತೆರಡೂವರೆಯಿಂದ ಭಾಗಿಸಿದರಾಯಿತು.

"ಗುಡ್ಡದ ಗಂಧವೇ ಇಲ್ಲದ ಬಯಲು ಸೀಮೆಯವನು ನೀನು, ನಿನಗ್ಯಾಕೋ ಬೆಟ್ಟದ ರೈಲು?" ಅಂತ ಕೆಣಕಿದರೆ, ಅದಕ್ಕೂ ತಯಾರಾಗೇ ಇದ್ದ. ಆಲ್ಬುಲಾ ಲೈನಿನ ಒಡೆಯರಾದ ರೇಟಿಯನ್ ರೈಲು ಕಂಪನಿಗೆ ನಾಂದಿ ಹಾಡಿದವನು ಹೋಲ್ಸ್‌ಬೋರ್ ಅನ್ನೋ ಹಾಲೆಂಡಿನವನಂತೆ. ಮೊದಲು ಹಡಗಿನ ಕ್ಯಾಪ್ಟನ್. ಹೆಂಡತಿಯ ಕಾಯಿಲೆಗೆ ಗಾಳಿ ಬದಲಾವಣೆ ಅಂತ ದಾವೋಸಿಗೆ ಬಂದವನು ಅಲ್ಲೇ ನಿಂತು, ಊರಿಗೆ ರೈಲು ತರಿಸಿದ. 1890ಕ್ಕೆ ಗಾಡಿ ದಾವೋಸ್ ಮುಟ್ಟಿತು. ಸಮುದ್ರದವನು ಬೆಟ್ಟ ಹತ್ತಿಸಿದ ಮೇಲೆ ದಾವಣಗೆರೆಯವನು ಹಿತ್ತಲು ಹತ್ತಿಸಬಾರದೇ ಅನ್ನೋದು ಇವನ ವಾದ.

ಅಲ್ಲಿಂದ ಮುಂದೆ ಶುರು ಇವನ ಮಡಿ. ಇಂಥ ಮಡಿಯನ್ನು ನಮ್ಮಜ್ಜಿಯ ಅಡಿಗೆಮನೆಯಲ್ಲೂ ನಾನು ಕಂಡಿಲ್ಲ. ಹುಟ್ಟುಹಬ್ಬಕ್ಕೆ ಯಾರೋ ವಾಸೆನ್ ಊರಿನ ಇಗರ್ಜಿಯ ಮಾದರಿ ತಂದುಕೊಟ್ಟರು. ಬಿಳೀ ಗೋಡೆಯ ಮುದ್ದಾದ ಇಗರ್ಜಿ, ಗೊಥಾರ್ಡ್ ಲೈನಿನ ಸುತ್ತುಗಳಲ್ಲಿ ಹತ್ತುವಾಗ ಕಿಟಕಿಯಿಂದ ಮೂರು ಸಲ ಕಾಣುತ್ತೆ ಅಂತ ಪ್ರಸಿದ್ಧಿ. ಇವನು ಅದನ್ನು ಮುಟ್ಟಲೇ ಇಲ್ಲ. "ಅದು ದೊಡ್ಡ ಗೇಜಿನ ಲೈನು ಭಾವ. ಸರಕಾರದ್ದು. ನಮ್ಮದು ರೇಟಿಯನ್." ಪಾಪ, ದೇವರ ಮನೆಗೇ ಮೈಲಿಗೆ. ಬೋಗಿಯ ಕೆಂಪು ಬಣ್ಣ ಇಸವಿಯಿಂದ ಇಸವಿಗೆ ಬದಲಾಗಿದೆಯಂತೆ, ಎರಡು ಕಾಲದ ಕೆಂಪು ಒಂದೇ ಗಾಡಿಯಲ್ಲಿ ಕೂಡಕೂಡದು. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಏಳೂವರೆ ಸೆಂಟಿಮೀಟರಿನ ಹೆಂಗಸಿನ ಕೈಚೀಲ 'ಆ ಕಾಲದ್ದಲ್ಲ' ಅಂತ ಅವಳನ್ನು ಎತ್ತಿ ಒಳಗಿಟ್ಟ.

ಇವನ ಪಟ್ಟದಾನೆ 'ಮೊಸಳೆ'. ಅಂದರೆ 1921ರಿಂದ 1929ರವರೆಗೆ ಬಂದ ಹದಿನೈದು ಕರೆಂಟ್ ಎಂಜಿನ್‌ಗಳ ಜಾತಿ. ಹಿಂದೆ ಮುಂದೆ ಉದ್ದ ಮೂತಿ, ನಡುವೆ ಡ್ರೈವರನ ಗೂಡು. ನಿಜವಾದದ್ದು 13 ಮೀಟರ್ ಚಿಲ್ಲರೆ, 66 ಟನ್. ಇವನದು ಮೊಳದುದ್ದಕ್ಕಿಂತ ಸ್ವಲ್ಪ ಜಾಸ್ತಿ. ಉದ್ದ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲಾದರೆ ತೂಕ ಹನ್ನೊಂದು ಸಾವಿರದಲ್ಲಿ ಒಂದು ಪಾಲಾಗುತ್ತೆ, ಲೆಕ್ಕಕ್ಕೆ ಆರು ಕಿಲೋ ಬರುತ್ತೆ ಅಂತ ನನಗೆ ಕಾಗದದ ಮೇಲೆ ಮಾಡಿ ತೋರಿಸಿದ. ಬೆಲೆ ಎಷ್ಟು ಅಂತ ಕೇಳಿದೆ. ಕಾಗದ ಮಡಚಿದ. ಹೆಂಡತಿಗೆ ಅವನು ಬೆಲೆ ಹೇಳೋದೂ ಒಂದಕ್ಕೆ ಇಪ್ಪತ್ತೆರಡೂವರೆಯಲ್ಲೇ ಅನ್ನೋದು ನನ್ನ ಗುಮಾನಿ.

ಇಷ್ಟೆಲ್ಲ ಮಡಿಯವನು ಸೇತುವೆಯ ಹತ್ತಿರ ಬಂದಾಗ ನೋಡಬೇಕಿತ್ತು. ಆಲ್ಬುಲಾ ಲೈನಿನ ಕಿರೀಟ ಲ್ಯಾಂಡ್‌ವಾಸರ್ ಸೇತುವೆ. ಸುಣ್ಣಕಲ್ಲಿನ ಆರು ಕಮಾನು, 65 ಮೀಟರ್ ಎತ್ತರ, ನೂರು ಮೀಟರ್ ತ್ರಿಜ್ಯದ ತಿರುವಿನಲ್ಲೇ ಬಾಗಿ ನಿಂತು, ರೈಲನ್ನು ನೇರ ಬಂಡೆಯ ಬಾಯಿಗೆ ಕೊಡುತ್ತೆ. ಕಂಬಗಳ ಸುತ್ತ ಸಾರುವೆ ಕಟ್ಟದೆ, ಒಳಗೊಂದು ಕಬ್ಬಿಣದ ಗೋಪುರ ನಿಲ್ಲಿಸಿ, ಅದರ ಮೇಲಿನ ಕ್ರೇನಿನಿಂದ ಕಲ್ಲು ಎತ್ತಿ 1902ಕ್ಕೆ ಮುಗಿಸಿದರು. ಲೆಕ್ಕದ ಪ್ರಕಾರ ಇವನ ಸೇತುವೆ 2.9 ಮೀಟರ್ ಎತ್ತರ ಇರಬೇಕು. ಪಕ್ಕದ ಮನೆಯವರ ಬಚ್ಚಲು ಕಿಟಕಿಗೆ ರೈಲು ಕೈ ಬೀಸುವ ಎತ್ತರ! ತಿರುವಿನ ತ್ರಿಜ್ಯ ನಾಲ್ಕೂವರೆ ಮೀಟರ್ ಇರಬೇಕು, ಅಷ್ಟಕ್ಕೆ ಅಡಿಗೆಮನೆಯ ಒಂದು ಮೂಲೆ ಒಡೆಯಬೇಕು. ಕೊನೆಗೆ ಸಿಮೆಂಟಿನಲ್ಲಿ ಅಚ್ಚು ಹಾಕಿ, ಹಸಿಯಿದ್ದಾಗಲೇ ಮೊಳೆಯಲ್ಲಿ ಕಲ್ಲಿನ ಗೆರೆ ಗೀಚಿ, ಸೊಂಟದೆತ್ತರಕ್ಕೂ ಬಾರದ ಸೇತುವೆ ನಿಲ್ಲಿಸಿದ. ತಿರುವು 1.2 ಮೀಟರ್. ಅಸಲಿ ಲೆಕ್ಕಕ್ಕೆ ತಂದರೆ 27 ಮೀಟರ್. ಅದೇ ಕಂಪನಿಯ ಬೆರ್ನಿನಾ ಲೈನಿನ ಅತಿ ಬಿಗಿ ತಿರುವೇ 45 ಮೀಟರ್ ಇರುವಾಗ, ನಿಜವಾದ ಗಾಡಿ ಇವನ ತಿರುವಿಗೆ ಬಂದರೆ ಹಳಿ ಬಿಟ್ಟು ಕಾಫಿ ಕುಡಿಯೋಕೆ ಮನೆಯೊಳಗೇ ಬರುತ್ತೆ. ಕೇಳಿದ್ದಕ್ಕೆ, "ಸ್ವಲ್ಪ ಹೊಂದಿಸಿಕೊಂಡೆ ಭಾವ" ಅಂದ. ಕೈಚೀಲಕ್ಕಿಲ್ಲದ ಮಾಫಿ ಸೇತುವೆಗೆ ಸಿಕ್ಕಿತು!

ಇದನ್ನು ಮಾತ್ರ ನಾನು ಬಿಡುವುದಿಲ್ಲ. ಇವನು ದುಡ್ಡು ಕೊಟ್ಟು ತಂದದ್ದೆಲ್ಲ ಒಂದಕ್ಕೆ ಇಪ್ಪತ್ತೆರಡೂವರೆ, ದೇವರು ಕೊಟ್ಟದ್ದೆಲ್ಲ ಒಂದಕ್ಕೆ ಒಂದು. ಮಳೆ ಹನಿಯನ್ನೇ ತಗೊಳ್ಳಿ. ನಾಲ್ಕು ಮಿಲಿಮೀಟರಿನ ಹನಿ ಆ ಊರಿನ ಜನಕ್ಕೆ ಒಂಬತ್ತು ಸೆಂಟಿಮೀಟರಿನ ಗುಂಡು. ಆಕಾಶದಿಂದ ಮೂಸಂಬಿ ಬಿದ್ದ ಹಾಗೆ ಬೀಳುತ್ತಿದ್ದರೂ ಪ್ಲಾಟ್‌ಫಾರ್ಮಿನ ಮೇಲಿನ ಜನ ನಗುತ್ತಲೇ ನಿಂತಿರುತ್ತಾರೆ. ಪಕ್ಕದ ಮನೆ ಬೆಕ್ಕು ಲೆಕ್ಕಕ್ಕೆ ಐದೂವರೆ ಮೀಟರ್ ಎತ್ತರದ ಪ್ರಾಣಿ. ದಿನಾ ಬಂದು ಸುರಂಗದ ಬಾಯಲ್ಲಿ ಮಲಗುತ್ತೆ, ಮೊಸಳೆಗೆ ಹೆದರೋದಿಲ್ಲ. ಗೊಂಡೆಹುಳು ರಾತ್ರಿ ಹಳಿಯುದ್ದಕ್ಕೂ ಲೋಳೆ ಎಳೆದು ಹೋಗಿರುತ್ತೆ, ಬೆಳಿಗ್ಗೆ ಚಕ್ರ ಜಾರಿ ಆರು ಕಿಲೋದ ಮೊಸಳೆ ನಿಂತಲ್ಲೇ ಗಿರಗಿರ. ಹಿತ್ತಾಳೆ ಹಳಿ ಕಪ್ಪುಗಟ್ಟಿದರೆ ಕರೆಂಟು ಹಾಯುವುದಿಲ್ಲ, ಉಜ್ಜಬೇಕು. ಇವನು ಮಂಡಿಯೂರಿ ಉಜ್ಜುವ ಹೊತ್ತು ಒಂದು ಪಾಲಾದರೆ, ಗಾಡಿ ಓಡುವ ಹೊತ್ತು ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. ಇಲ್ಲಿ ಅಳತೆ ಚಾಚೂ ತಪ್ಪಿಲ್ಲ.

ಹಳಿ ಹಾಕುವುದಂತೂ ಮನೆ ಪಾಯ ಹಾಕಿದಷ್ಟೇ ಗಂಭೀರ. ಕಾಲುವೆ ತೋಡಿ ಜಲ್ಲಿ ತುಂಬಬೇಕು, ನೀರು ನಿಂತರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಳಿಯನ್ನು ಎತ್ತಿಬಿಡುತ್ತೆ. ಜಲ್ಲಿ ಮೊನಚು ಮೊನಚಾಗಿರಬೇಕು, ನುಣುಪು ಕಲ್ಲಾದರೆ ಒಂದರ ಮೇಲೊಂದು ಉರುಳುತ್ತೆ. ಚಳಿಯಿಂದ ಸುಡುಬಿಸಿಲಿಗೆ ಬರೋಷ್ಟರಲ್ಲಿ ಹತ್ತು ಮೀಟರ್ ಹಿತ್ತಾಳೆ ಹಳಿ ಒಂದು ಸೆಂಟಿಮೀಟರಿಗೂ ತುಸು ಹೆಚ್ಚೇ ಬೆಳೆಯುತ್ತೆ, ಸಂದು ಬಿಡದಿದ್ದರೆ ಹಾವಿನ ಹಾಗೆ ಡೊಂಕು. ಇದನ್ನೆಲ್ಲ ಮಾಡೋಕೆ ಇವನಿಗೆ ಬಿಡುವು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಡ್ರಿಲ್ಲು, ಹುಲ್ಲು ಕತ್ತರಿಸುವ ಮಿಷನ್ನು ಅಂತ ಸದ್ದು ಮಾಡೋ ಹಾಗಿಲ್ಲ. ಹಾಗಾಗಿ ಭಾನುವಾರವೆಲ್ಲ ಅವನು ಹಿತ್ತಲಲ್ಲಿ ಕೂತು ಸ್ವಿಟ್ಜರ್ಲೆಂಡನ್ನು ಮನಸ್ಸಿನಲ್ಲೇ ಕಟ್ಟುತ್ತಾನೆ. ಆ ಭಾಗ ಬೇಗ ಬೇಗ ಆಗುತ್ತಿದೆ.

ಸದ್ದಿನ ಕಾನೂನು ಲಾಗೂ ಆಗದವನು ಒಬ್ಬನಿದ್ದಾನೆ. ಅಲ್ಲಿ ಮೋಲ್ ಅಂತ ಒಂದು ಪ್ರಾಣಿ. ಹೆಗ್ಗಣವಲ್ಲ, ಆದರೆ ಕಸುಬು ಅದರದ್ದೇ. ನೆಲದೊಳಗೇ ಬಿಲ ಕೊರೆದು, ಮಣ್ಣನ್ನು ಗುಪ್ಪೆ ಗುಪ್ಪೆಯಾಗಿ ಮೇಲೆ ಎಸೆಯುತ್ತೆ. ಒಂದು ಬೆಳಿಗ್ಗೆ ಪ್ರೇಡಾ ಸ್ಟೇಷನ್ನಿನ ಪಕ್ಕ ಹೊಸ ಆಲ್ಪ್ಸ್ ಎದ್ದಿತ್ತು. ಅದನ್ನು ಕೊಲ್ಲುವ ಹಾಗಿಲ್ಲ, ಹಿಡಿಯುವ ಹಾಗೂ ಇಲ್ಲ, ಕಾನೂನಿನ ರಕ್ಷಣೆ ಇದೆ. ನಿಜವಾದ ಆಲ್ಬುಲಾ ಸುರಂಗ, 5.8 ಕಿಲೋಮೀಟರಿನದು, ಕೊರೆಯುವಾಗ ಒಳಗೆ ನೀರು ನುಗ್ಗಿ, ಗುತ್ತಿಗೆದಾರರು ಕೈಚೆಲ್ಲಿ, ರೈಲು ಕಂಪನಿಯೇ ಕೆಲಸ ಮುಂದುವರಿಸಬೇಕಾಯಿತು. ಈ ಗುತ್ತಿಗೆದಾರನಿಗೆ ಅಂಥ ಯಾವ ತೊಂದರೆಯೂ ಇಲ್ಲ. ಬಿಲ್ಲೂ ಕಳಿಸುವುದಿಲ್ಲ.

ಪ್ರೇಡಾದ ಇನ್ನೊಂದು ಪಕ್ಕ ಅವನ ಹೆಂಡತಿ ಕೊತ್ತಂಬರಿ ಹಾಕಿದ್ದಾಳೆ. ಅದರ ಮೇಲೆ ಮನೆಯಲ್ಲಿ ದೊಡ್ಡ ವಾಗ್ವಾದ. 1789 ಮೀಟರ್ ಎತ್ತರದಲ್ಲಿ ಕೊತ್ತಂಬರಿ ಬೆಳೆಯೋದಿಲ್ಲ ಅಂತ ಇವನು. ಅಲ್ಲದೆ ಗೇಣುದ್ದದ ಕೊತ್ತಂಬರಿ ಅಲ್ಲಿನ ಲೆಕ್ಕಕ್ಕೆ ನಾಲ್ಕೈದು ಮೀಟರಿನ ಮರ, ಕುಳ್ಳು ಸ್ಪ್ರೂಸ್ ಗಿಡಗಳ ನಡುವೆ ಅಸಹ್ಯ. "ಅಣ್ಣಾ, ನೀವೇ ಹೇಳಿ," ಅಂತ ಅವಳು ನನ್ನನ್ನು ಎಳೆದಳು, "ಸಾರಿಗೆ ಸ್ಪ್ರೂಸ್ ಹಾಕೋಕಾಗುತ್ತಾ?" ಆ ಮಧ್ಯಾಹ್ನ ಸಾರು ಘಮಘಮ ಅಂತಿತ್ತು. ನಾನು ತೀರ್ಪು ಕೊಡಲಿಲ್ಲ, ಇನ್ನೊಂದು ಸೌಟು ಹಾಕಿಸಿಕೊಂಡೆ.

ಒಂದು ಸಲ ತಡೆಯಲಾರದೆ ಕೇಳಿದೆ: "ಅಲ್ವೋ ಮಾರಾಯ, ಮೀಟರ್ ಗೇಜೇ ಬೇಕಿದ್ದರೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಇರಲಿಲ್ವಾ? 1979ರಲ್ಲಿ ಶುರುವಾದಾಗ ಅದೂ ಮೀಟರ್ ಗೇಜೇ. ಐವತ್ತೇಳು ಸುರಂಗ. ನಿನ್ನ ಮೋಲಿಗೆ ಕೈತುಂಬ ಕೆಲಸ." ಅವನ ಮುಖ ಒಂದು ಕ್ಷಣ ಅರಳಿತು, ಸುಳ್ಳು ಹೇಳಬಾರದು. ಆಮೇಲೆ, "ಆ ಎಂಜಿನ್ನು ಅಂಗಡೀಲಿ ಸಿಗಲ್ಲ ಭಾವ" ಅಂದ. "ಸ್ವಿಸ್ಸೇ ಬೇಕಿದ್ದರೆ ನೀಲಗಿರಿ ರೈಲು?" ಅಂದೆ. ಮೈಸೂರಿಂದ ಬಂಡೀಪುರ ದಾಟಿದರೆ ಊಟಿ. ಅದೂ ಮೀಟರ್ ಗೇಜು, ಅದರ ಹಲ್ಲು ಹಳಿಯ ವಿದ್ಯೆ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್‌ನದು, ಬೆಟ್ಟ ಹತ್ತಿಸುವ ಎಕ್ಸ್ ಕ್ಲಾಸ್ ಹಬೆ ಎಂಜಿನ್‌ಗಳು ಮೊದಲು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ. ಇದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರ್ನಿನಾ ಲೈನು ನೂರಕ್ಕೆ ಏಳರ ಏರನ್ನು ಹಲ್ಲು ಹಳಿಯೇ ಇಲ್ಲದೆ ಹತ್ತುತ್ತೆ ಅಂತ ಬೇರೆ ಕಡೆಗೆ ಮಾತು ತಿರುಗಿಸಿದ.

ಇಷ್ಟಾದರೂ ಮುಗಿಯುವ ಲಕ್ಷಣವಿತ್ತು, ಆ ವಿಡಿಯೋ ಒಂದನ್ನು ಅವನು ನೋಡದಿದ್ದರೆ. ಸ್ವಿಸ್ ರೈಲಿಗೆ 175 ವರ್ಷ ತುಂಬಿದ ನೆಪದಲ್ಲಿ, 2022ರ ಅಕ್ಟೋಬರ್ 29ರಂದು ರೇಟಿಯನ್ ರೈಲಿನವರು ಪ್ರೇಡಾದಿಂದ ಕೆಳಕ್ಕೆ ನೂರು ಬೋಗಿಯ ಒಂದೇ ಗಾಡಿ ಓಡಿಸಿದರು. ಇಪ್ಪತ್ತೈದು ಗಾಡಿಗಳನ್ನು ಒಂದಕ್ಕೊಂದು ಜೋಡಿಸಿ, ಏಳು ಜನ ಡ್ರೈವರುಗಳು, ಸುಮಾರು 1.9 ಕಿಲೋಮೀಟರ್ ಉದ್ದ. ಜಗತ್ತಿನ ಅತಿ ಉದ್ದದ ಪ್ರಯಾಣಿಕರ ರೈಲು ಅಂತ ದಾಖಲೆ. ಸುತ್ತು ಸುರಂಗಗಳಲ್ಲಿ ಇಳಿದು ಲ್ಯಾಂಡ್‌ವಾಸರ್ ಸೇತುವೆಯನ್ನೂ ದಾಟಿತು. ಬಾಮೈದ ನೋಡಿದ, ಮತ್ತೆ ನೋಡಿದ, ಟೇಪು ತೆಗೆದ. ಇಪ್ಪತ್ತೆರಡೂವರೆಯಿಂದ ಭಾಗಿಸಿದರೆ ಎಂಬತ್ತನಾಲ್ಕು ಮೀಟರ್ ಚಿಲ್ಲರೆ. ಇವನ ಲೈನಿನ ಸುತ್ತಳತೆ ಅದರ ಅರ್ಧವೂ ಇಲ್ಲ. ಅಂದರೆ ಎಂಜಿನ್ನು ಹೊರಟು ಒಂದು ಸುತ್ತು ಮುಗಿಸುವಾಗ ತನ್ನದೇ ಬಾಲಕ್ಕೆ ಡಿಕ್ಕಿ.

ಈಗ ಸಂಜೆ ಹೊತ್ತು ಬೇಲಿಯ ಹತ್ತಿರ ನಿಂತು ಪಕ್ಕದ ಮನೆ ಯಜಮಾನರನ್ನು ಬಹಳ ವಿಶ್ವಾಸದಿಂದ ಮಾತಾಡಿಸುತ್ತಾನಂತೆ. ಅವರ ಬೆಕ್ಕಿಗೆ ದಿನಾ ಹಾಲು ಇಡುತ್ತಾನಂತೆ. ಅವರದು ಒಳ್ಳೇ ಸಮತಟ್ಟಾದ, ಉದ್ದನೆಯ ಹಿತ್ತಲು.