ಉಭಯಚರ ಯಂತ್ರದ ಅನ್ವೇಷಣೆ

ತಾನು ಯಾರೆಂಬುದನ್ನು ಅರಿಯದಿರುವುದು ವೇದಾಂತಿಗಳ ದೃಷ್ಟಿಯಲ್ಲಿ ಮಹತ್ತರವಾದ ಅಜ್ಞಾನವೆನಿಸಿದ್ದರೂ, ತಾನು ಎಲ್ಲಿದ್ದೇನೆಂಬುದನ್ನು ಅರಿಯದಿರುವುದು ಗೃಹಸ್ಥನ ಪಾಲಿಗೆ ಅದಕ್ಕಿಂತ ತುರ್ತಿನ ಸಂಕಟ. ಮೊದಲನೆಯದನ್ನು ನೀಗಿಕೊಳ್ಳಲು ಜನ್ಮಾಂತರಗಳ ಅವಕಾಶವುಂಟು, ಎರಡನೆಯದಕ್ಕಾದರೋ ಹಿಂದಿನ ಲಾರಿಯವನು ಹಾರನ್ ಬಾರಿಸುವವರೆಗಿನ ಹೊತ್ತು ಮಾತ್ರ. ಬೊಮ್ಮನಹಳ್ಳಿಯಲ್ಲಿ ಮನೆ ಮಾಡಿ, ಗಂಗೊಳ್ಳಿಯಿಂದ ಹೆಣ್ಣು ತಂದವನಾದ ನನಗೆ ಈ ಸಂಕಟವು ನೆಲದ ಮೇಲೊಂದು ವಿಧ, ನೀರಿನ ಮೇಲೊಂದು ವಿಧವಾಗಿ ಒದಗುತ್ತಿತ್ತು. ಹೊಸೂರು ರಸ್ತೆಯಲ್ಲಿ ಓಡಬೇಕಾದ, ಆದರೆ ಬಹುಮಟ್ಟಿಗೆ ನಿಂತೇ ಇರುವ ಹಳೆಯ ಕಾರು ನನ್ನದು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಪಂಚಗಂಗಾವಳಿಯೆನಿಸಿ ಕಡಲನ್ನು ಸೇರುವ ಅಳಿವೆಯಲ್ಲಿ ಓಡುವ ಪುಟ್ಟ ಯಂತ್ರದೋಣಿ ನನ್ನ ಹೆಂಡತಿಯ ಅಣ್ಣನವರದು.

ಭಾವನವರು ಮಿತವ್ಯಯದಲ್ಲಿ ನನಗೆ ಗುರುಸ್ಥಾನದಲ್ಲಿರತಕ್ಕವರು. ಕಾರಿಗೊಂದು ದೋಣಿಗೊಂದು ಎಂದು ಎರಡು ಜಿಪಿಎಸ್ ಯಂತ್ರಗಳನ್ನು ಕೊಳ್ಳುವುದು ಶುದ್ಧ ದುಂದುಗಾರಿಕೆಯೆಂದೂ, ಎರಡಕ್ಕೂ ಒದಗುವಂಥ ಒಂದನ್ನೇ ಅರ್ಧರ್ಧ ಹಣ ಹಾಕಿ ಕೊಂಡರೆ, ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಡುವ ಮಳೆಗಾಲದಲ್ಲಿ ಅದು ನನ್ನ ಕಾರಿನಲ್ಲಿಯೂ ಉಳಿದ ಕಾಲದಲ್ಲಿ ಅವರ ದೋಣಿಯಲ್ಲಿಯೂ ಸುಖವಾಗಿರಬಹುದೆಂದೂ ಅವರು ನಿರ್ಣಯಿಸಿದರು. ನಾಲ್ಕು ತಿಂಗಳಿನ ಅನುಭೋಗದವನು ಎಂಟು ತಿಂಗಳಿನವರಷ್ಟೇ ಹಣ ತೆರುವುದು ಯಾವ ನ್ಯಾಯವೆಂದು ನಾನು ವಿನಯದಿಂದಲೇ ಕೇಳಿದೆ. ಅಳಿವೆಯಲ್ಲಿ ದಾರಿ ತಪ್ಪುವುದು ಅಪರೂಪ, ಬೆಂಗಳೂರಿನಲ್ಲಿ ಅದು ನಿತ್ಯಕರ್ಮ. ಸವೆತದ ಲೆಕ್ಕ ಹಿಡಿದರೆ ನನ್ನ ಪಾಲೇ ಹೆಚ್ಚಾಗಬೇಕು, ಬಾಂಧವ್ಯದ ದಾಕ್ಷಿಣ್ಯಕ್ಕೆ ಅರ್ಧಕ್ಕಿಳಿಸಿದ್ದೇನೆ ಎಂಬುದು ಅವರ ಉತ್ತರ.

ಹೀಗೆ ಮುಕ್ಕಾಲು ಪಾಲು ನಿಷ್ಕರ್ಷೆಯಾದ ವ್ಯವಹಾರವನ್ನು ಹೊತ್ತು ನಾನು ಎಸ್.ಪಿ. ರಸ್ತೆಗೆ ಹೋದೆ. ಕಾರಿಗೂ ಆಗಬೇಕು, ದೋಣಿಗೂ ಆಗಬೇಕು, ಬೆಲೆ ಕೈಗೆಟುಕುವಂತಿರಬೇಕು ಎಂಬ ನನ್ನ ತ್ರಿವಿಧ ಅಪೇಕ್ಷೆಯನ್ನು ಕೇಳಿದ ಅಂಗಡಿಯ ಹುಡುಗ ಒಮ್ಮೆ ನನ್ನ ಮುಖವನ್ನೂ ಒಮ್ಮೆ ನನ್ನ ಚಪ್ಪಲಿಯನ್ನೂ ನೋಡಿದ.

“ಬೆಂಗಳೂರಲ್ಲಿ ಬೋಟು ಎಲ್ಲಿ ಓಡಿಸ್ತೀರಾ ಸಾರ್? ಮನೆ ಎಲ್ಲಿ?”

“ಬೊಮ್ಮನಹಳ್ಳಿ.”

“ಹಾಗಾದ್ರೆ ಸರಿ ಸಾರ್, ಬೇಕಾಗತ್ತೆ” ಎಂದು ಅವನು ಯಾವ ವ್ಯಂಗ್ಯದ ಛಾಯೆಯೂ ಇಲ್ಲದೆ ಒಳಕ್ಕೆ ಹೋದ.

ಇದನ್ನು ಪರಿಹಾಸವೆಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. 2016ರ ಜುಲೈ ಕೊನೆಯ ಮಳೆಗೆ ನಮ್ಮ ನೆರೆಯ ಕೋಡಿಚಿಕ್ಕನಹಳ್ಳಿಯ ಬೀದಿಗಳು ಜಲಮಾರ್ಗಗಳಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಿದ್ದನ್ನೂ, ಕೆರೆಯಿಂದ ಹೊರಟುಬಂದ ಮೀನುಗಳನ್ನು ಜನರು ನಡುರಸ್ತೆಯಲ್ಲಿ ಹಿಡಿದದ್ದನ್ನೂ ಪತ್ರಿಕೆಗಳು ಚಿತ್ರಸಹಿತವಾಗಿ ಲೋಕಕ್ಕೆ ತೋರಿಸಿವೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಉದ್ಯೋಗಸ್ಥರು ಟ್ರಾಕ್ಟರುಗಳನ್ನೇರಿ ಕಚೇರಿಗೆ ದಯಮಾಡಿಸಿದರು. ಮಡಿವಾಳದ ಕೆರೆಯಿಂದ ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕಟ್ಟಕಡೆಗೆ ದಕ್ಷಿಣ ಪಿನಾಕಿನಿಗೆ ಎಂಬ ತನ್ನ ಪುರಾತನ ದಾರಿ ನೀರಿಗೆ ಚೆನ್ನಾಗಿ ನೆನಪಿದೆ. ಆ ದಾರಿಯ ಮೇಲೆ ಬಡಾವಣೆಗಳನ್ನು ಕಟ್ಟಿಕೊಂಡ ನಮಗೆ ಮಾತ್ರ ಮರೆತಿದೆ. ಆದ್ದರಿಂದ ಜಿಪಿಎಸ್ ಬೇಕಾಗಿರುವುದು ನಮಗೇ ಹೊರತು ನೀರಿಗಲ್ಲ.

ಯಂತ್ರವನ್ನು ಕೊಳ್ಳುವ ಮುನ್ನ ಅದರ ತತ್ತ್ವವನ್ನು ತಿಳಿಯತಕ್ಕದ್ದೆಂಬ ಹಳೆಯ ಕಾಲದ ಶಿಸ್ತು ನನ್ನದು. ಆಕಾಶದಿಂದ ಉಪಗ್ರಹವೊಂದು ನಮ್ಮನ್ನು ಕಣ್ಣಿಟ್ಟು ನೋಡುತ್ತಿರುತ್ತದೆಂದು ನನ್ನ ಹೆಂಡತಿ ನಂಬಿದ್ದಳು. ಮೊಸರು ತರಲೆಂದು ಹೋಗಿ ನಾನು ಎಲ್ಲೆಲ್ಲಿ ನಿಲ್ಲುತ್ತೇನೆಂಬುದು ಅದಕ್ಕೆ ಗೊತ್ತಾಗುವುದಾದರೆ ಯಂತ್ರಕ್ಕೆ ಎಷ್ಟಾದರೂ ಕೊಡಬಹುದೆಂಬ ಉತ್ಸಾಹವೂ ಅವಳಲ್ಲಿತ್ತು. ವಾಸ್ತವದಲ್ಲಿ 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆರಡು ಬಾರಿ ಭೂಪ್ರದಕ್ಷಿಣೆ ಮಾಡುವ ಆ ಉಪಗ್ರಹಗಳಿಗೆ ನಾವು ಇದ್ದೇವೆಂಬ ಅರಿವೇ ಇಲ್ಲ. ‘ನಾನು ಇಂಥಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ಅವು ನಿರ್ಲಿಪ್ತವಾಗಿ ಸಾರುತ್ತಿರುತ್ತವೆ, ಅಷ್ಟೆ. ಆ ಸಾರಿಕೆ ತನ್ನನ್ನು ತಲುಪಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ, ಹಾಗೆ ನಾಲ್ಕು ಉಪಗ್ರಹಗಳ ಸಾಕ್ಷ್ಯವನ್ನು ಸಂಗ್ರಹಿಸಿ, ನಮ್ಮ ನೆಲೆಯನ್ನು ನಿರ್ಧರಿಸುವುದು ಕೈಯಲ್ಲಿನ ಯಂತ್ರ. ನೆಲೆಗೆ ಮೂರು ಸಾಕ್ಷಿಗಳು ಸಾಕಾಗಿದ್ದರೂ ನಾಲ್ಕನೆಯದು ಬೇಕಾಗುವುದು ನಮ್ಮ ಅಗ್ಗದ ಯಂತ್ರದ ಗಡಿಯಾರ ನಂಬತಕ್ಕದ್ದಲ್ಲವಾದ್ದರಿಂದ. ಗಡಿಯಾರವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ಮನುಷ್ಯನು 300 ಮೀಟರು ಆಚೆಗೆ ಹೋಗಿ ಬೀಳುತ್ತಾನೆ. ಈ ಗಡಿಯಾರಗಳ ಮಹಿಮೆಯನ್ನು ನಮ್ಮವರೂ ಕಂಡುಂಡಿದ್ದಾರೆ. 2013ರ ಜುಲೈ 1ರಂದು ಇಸ್ರೋ ಹಾರಿಸಿದ, ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಪ್ರಥಮ ಉಪಗ್ರಹದಲ್ಲಿದ್ದ ಆಮದಿನ ರುಬಿಡಿಯಮ್ ಗಡಿಯಾರಗಳು ಮೂರಕ್ಕೆ ಮೂರೂ ಕೆಲವೇ ವರ್ಷಗಳಲ್ಲಿ ನಿಂತುಹೋದವು. ನಮ್ಮ ತಂದೆಯವರು ಕೊಟ್ಟ, ಬೆಂಗಳೂರಿನಲ್ಲಿಯೇ ತಯಾರಾದ ಎಚ್‌ಎಂಟಿ ಕೈಗಡಿಯಾರ ಮಾತ್ರ, ಕೀಲಿ ಕೊಟ್ಟರೆ, ಇಂದಿಗೂ ಓಡುತ್ತದೆ. ಅದನ್ನು ಆಕಾಶಕ್ಕೆ ಕಳುಹಿಸುವ ಸಲಹೆಯನ್ನು ಕೊಡಲು ಕೀಲಿ ಕೊಡುವವರು ಯಾರೆಂಬ ಪ್ರಶ್ನೆ ಅಡ್ಡಬರುತ್ತದೆ.

ತತ್ತ್ವ ಒಂದೇ ಆದರೂ ನೆಲದ ಯಂತ್ರಕ್ಕೂ ಜಲದ ಯಂತ್ರಕ್ಕೂ ಸ್ವಭಾವದಲ್ಲಿ ಅಜಗಜಾಂತರ. ಕಾರಿನ ಯಂತ್ರವು ಹುಟ್ಟಾ ಸಂಪ್ರದಾಯಸ್ಥ. ಮನುಷ್ಯನಾದವನು ರಸ್ತೆಯ ಮೇಲೆಯೇ ಇರತಕ್ಕದ್ದೆಂಬುದು ಅದರ ಅಚಲವಾದ ಶ್ರದ್ಧೆ. ಉಪಗ್ರಹಗಳು ಬೇರೆ ಏನೇ ಹೇಳಿದರೂ ನಿಮ್ಮನ್ನು ಅದು ಹತ್ತಿರದ ರಸ್ತೆಗೆಳೆದು ಕೂರಿಸುತ್ತದೆ. ಇಂಥದನ್ನು ದೋಣಿಯಲ್ಲಿಟ್ಟರೆ ಹೊಳೆಯ ನಡುವೆ ಇರುವವರನ್ನು ಕುಂದಾಪುರದ ಹೆದ್ದಾರಿಗೇರಿಸಿ, ಮುಂದೆ ಯು-ತಿರುವು ತೆಗೆದುಕೊಳ್ಳಿರೆಂದು ಹೆಣ್ಣುದನಿಯಲ್ಲಿ ಉಪದೇಶಿಸೀತು. ದೋಣಿಯ ಯಂತ್ರವಾದರೋ ಪರಮ ಸ್ವತಂತ್ರ. ಅದಕ್ಕೆ ರಸ್ತೆಯೆಂಬ ಪದಾರ್ಥವೇ ಗೊತ್ತಿಲ್ಲ; ನೀವು ಇಲ್ಲಿದ್ದೀರಿ, ಹೋಗಬೇಕಾದ ಸ್ಥಳ ಅಲ್ಲಿದೆ, ಇದೋ ಬಾಣ, ಹೊರಡಿ ಎನ್ನುತ್ತದೆ. ಅದರ ನಕ್ಷೆಯಲ್ಲಿರುವುದು ನೀರಿನ ಆಳದ ಅಂಕೆಗಳು, ಬಂಡೆಗಳು, ದೀಪಸ್ತಂಭಗಳು. ಆ ನಕ್ಷೆಗೆ ಬೇರೆ ಹಣ. ಹಾಗೆ ಹಣ ತೆತ್ತು ತಂದ ನಕ್ಷೆಯೂ ಅಳಿವೆಯ ಬಾಗಿಲಿನಲ್ಲಿ ಪ್ರತಿ ಮಳೆಗಾಲಕ್ಕೆ ಸ್ಥಾನ ಬದಲಿಸುವ ಮರಳದಿಬ್ಬವನ್ನು ಹಿಂಬಾಲಿಸಲಾರದೆಂದು, ತೆರೆ ಒಡೆಯುವ ಬಗೆಯನ್ನು ನೋಡಿಯೇ ಆಳವನ್ನು ಹೇಳಬಲ್ಲ ಭಾವನವರು ಮೊದಲೇ ಎಚ್ಚರಿಸಿದ್ದರು.

ಇನ್ನು ದೇಹಪ್ರಕೃತಿಯ ಭೇದ. ಕಾರಿನ ಯಂತ್ರಕ್ಕೆ ಅಂಟಿಕೊಳ್ಳಲು ಗಾಜು ಬೇಕು, ದೋಣಿಗೆ ಗಾಜಿಲ್ಲ. ಕಾರಿನಿಂದ ವಿದ್ಯುತ್ತನ್ನು ಹೀರದಿದ್ದರೆ ಅದು ಒಂದೆರಡು ಗಂಟೆಗಳಲ್ಲಿ ಮೂರ್ಛೆ ಹೋಗುತ್ತದೆ, ಬಿಸಿಲು ಬಿದ್ದರೆ ಅದರ ಪರದೆಯಲ್ಲಿ ಕಾಣುವುದು ನೋಡುವವನ ಮುಖವೇ. ದೋಣಿಯ ಯಂತ್ರಕ್ಕೆ ಐಪಿಎಕ್ಸ್-7 ಎಂಬ ಬಿರುದುಂಟು. ಹಾಗೆಂದರೇನೆಂದು ವಿಚಾರಿಸಲಾಗಿ, ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡುವುದಿಲ್ಲವೆಂದು ತಿಳಿಯಿತು. ಬೊಮ್ಮನಹಳ್ಳಿಯ ಅಂಡರ್‌ಪಾಸುಗಳನ್ನೂ ಬೇಸ್‌ಮೆಂಟುಗಳನ್ನೂ ಬಲ್ಲ ನನಗೆ ಅರ್ಧ ಗಂಟೆ ಕಡಿಮೆಯಾಯಿತೆನ್ನಿಸಿತು. ಆದರೂ ಕಾರಿನ ಯಂತ್ರಕ್ಕೆ ಆ ಅರ್ಧ ಗಂಟೆಯೂ ಇಲ್ಲವೆಂಬ ಕಾರಣಕ್ಕೆ ಮನಸ್ಸು ಜಲಚರದ ಕಡೆಗೇ ವಾಲಿತು.

ಕೈಯಲ್ಲಿ ಫೋನಿರುವಾಗ ಇದೆಲ್ಲ ಏತಕ್ಕೆಂದು ಕೇಳದ ನೆಂಟರಿಲ್ಲ. ಫೋನು ಒದ್ದೆ ಬೆರಳಿಗೆ ಓಗೊಡುವುದಿಲ್ಲವೆಂದೂ, ಗಾಳ ಜಗ್ಗಿದ ಕ್ಷಣದಲ್ಲಿಯೇ ಸಾಲ ಬೇಕೇ ಎಂದು ಕರೆ ಬರುತ್ತದೆಂದೂ ಭಾವನವರು ಆ ಪ್ರಸ್ತಾಪವನ್ನು ತಳ್ಳಿಹಾಕಿದರು. ಜೊತೆಗೆ ಒಂದು ಷರತ್ತನ್ನೂ ಹಾಕಿದರು. ಬಲೆ ಹರಿಯುವ ಕಲ್ಲುಗಳು ಎಲ್ಲಿವೆ, ಮೀನು ಸೇರುವ ಜಾಗ ಯಾವುದು ಎಂಬ ‘ಪಾಯಿಂಟು’ಗಳನ್ನು ಕರಾವಳಿಯ ಮೀನುಗಾರರು ಜಿಪಿಎಸ್ಸಿನಲ್ಲಿ ದಾಖಲಿಸಿ ಜಾತಕದಂತೆ ಗೋಪ್ಯವಾಗಿಡುವುದುಂಟು, ಆದುದರಿಂದ ಪ್ರತಿ ಜೂನ್ ತಿಂಗಳಿನಲ್ಲಿ ಯಂತ್ರವನ್ನು ನನಗೊಪ್ಪಿಸುವ ಮುನ್ನ ತಮ್ಮ ಪಾಯಿಂಟುಗಳನ್ನು ಅಳಿಸಿಯೇ ಕಳುಹಿಸುವುದಾಗಿ ಅವರು ತಿಳಿಸಿದರು. ಕಡಲಿಗೆ ಮುನ್ನೂರು ಕಿಲೋಮೀಟರು ದೂರದಲ್ಲಿ ಕುಳಿತು ಬಂಗುಡೆಯನ್ನು ಅಪಹರಿಸಬಲ್ಲವನೆಂದು ನನ್ನನ್ನು ಸಂಶಯಿಸಿದ್ದು ಒಂದು ರೀತಿಯಲ್ಲಿ ಗೌರವವೇ ಸರಿ.

ಬೆಲೆಯ ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿದಿತ್ತು. ನೀರಿಗೆ ಹೆದರದ, ಪೆನ್ ಸೆಲ್ಲುಗಳಿಂದ ನಡೆಯುವ, ಕೈಯಲ್ಲಿ ಹಿಡಿಯುವ ಹೊಸ ಯಂತ್ರದ ಬೆಲೆಯನ್ನು ಕೇಳಿ ನಾನು ಸ್ವಲ್ಪ ಹೊತ್ತು ಮೌನವಾಗಿರಲು, ಅಂಗಡಿಯ ಹುಡುಗ ಯಾರೋ ಬಳಸಿಬಿಟ್ಟ ಹಳೆಯದೊಂದನ್ನು ಮೇಜಿನ ಮೇಲಿಟ್ಟ. ಬೇರೆಯವರು ದಾರಿ ತಪ್ಪಿದ ಯಂತ್ರ ಮನೆಗೆ ಬೇಡವೆಂದು ನನ್ನ ಹೆಂಡತಿಯ ಹಟ. ಆಗ ನಾನು ವಿಲಿಯಂ ಲ್ಯಾಂಬ್ಟನ್ ಸಾಹೇಬರನ್ನು ಸಾಕ್ಷಿಗೆ ಕರೆದೆ. ಇಡೀ ಭಾರತವನ್ನಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಪೂರ್ವಭಾವಿಯಾಗಿ 1800ರಲ್ಲಿ ಅವರು ತಮ್ಮ ಆಧಾರರೇಖೆಯನ್ನು ಅಳೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ಅಳೆದ 100 ಅಡಿಯ ಉಕ್ಕಿನ ಸರಪಳಿಯಾದರೋ ಚೀನದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಆತನು ಬೇಡವೆಂದ ಮೇಲೆ ಕಲ್ಕತ್ತೆಗೆ ಬಂದು, ಅಲ್ಲಿ ಮಾರಾಟವಾದದ್ದು. ಚಕ್ರವರ್ತಿ ಒಲ್ಲೆನೆಂದ ಸರಪಳಿಯಿಂದ ಬೆಂಗಳೂರನ್ನು ಅಳೆಯಬಹುದಾದರೆ, ಬಳಸಿದ ಯಂತ್ರದಿಂದ ಬೊಮ್ಮನಹಳ್ಳಿಯಿಂದ ಬನಶಂಕರಿಗೆ ಹೋಗಬಾರದೇ ಎಂದು ನಾನು ವಾದಿಸಿದೆ. “ಅವರು ಅಳೆದು ಹೋದ್ರು, ಮನೆಗೆ ಹಾಲು ತರ್ಬೇಕಾಗಿರಲಿಲ್ಲ” ಎಂದಳು. ಕೊಂಡದ್ದು ಹಳೆಯದನ್ನೇ.

ಅದರ ನೆಲದ ಪರೀಕ್ಷೆ ಬನಶಂಕರಿಯ ಗುಡಿಗೆ ಹೋಗುವಾಗಲೇ ನಡೆಯಿತು. ಜಲಸಂಸ್ಕಾರದ ಆ ಯಂತ್ರ ವೇಗವನ್ನು ತೋರಿಸುವುದು ನಾಟ್‌ಗಳಲ್ಲಿ, ಗಂಟೆಗೆ 1.852 ಕಿ.ಮೀ. ಆದರೆ ಒಂದು ನಾಟ್. ಸಿಲ್ಕ್ ಬೋರ್ಡಿನ ಬಳಿ ನಾವು ಎರಡು ನಾಟ್ ವೇಗದಲ್ಲಿದ್ದೆವು. ಹುಟ್ಟು ಹಾಕುವ ದೋಣಿಗೆ ಮಾನಕರವಾದ, ಕಾರಿಗೆ ಮಾತ್ರ ಹೇಳಿಕೊಳ್ಳಲಾಗದ ವೇಗ. ಬಾಣವು ಬಿ.ಟಿ.ಎಂ. ಬಡಾವಣೆಯ ಸಮಸ್ತ ಮನೆಗಳ ಅಡಿಗೆಕೋಣೆಗಳನ್ನೂ ದೇವರಕೋಣೆಗಳನ್ನೂ ಭೇದಿಸಿಕೊಂಡು ಗುಡಿಯ ಕಡೆಗೆ ನೇರವಾಗಿ ನಿಂತಿತ್ತು. ಆ ಗೆರೆಯಲ್ಲಿ ಅದರ ಆಜ್ಞೆಯನ್ನು ಅಕ್ಷರಶಃ ಪಾಲಿಸಬಹುದಾಗಿದ್ದ ಭಾಗವೆಂದರೆ ಮಡಿವಾಳದ ಕೆರೆಯೊಂದೇ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗಲಂತೂ, 2010ರಲ್ಲಿ ತೆರೆದ ಸುಮಾರು ಹತ್ತು ಕಿಲೋಮೀಟರಿನ ಆ ಮೇಲ್ಸೇತುವೆಯ ಮೇಲಿದ್ದೇವೋ ಕೆಳಗಿದ್ದೇವೋ ಅದಕ್ಕೆ ತಿಳಿಯಲಿಲ್ಲ. ಎತ್ತರದ ಲೆಕ್ಕದಲ್ಲಿ ಉಪಗ್ರಹಗಳು ಯಾವಾಗಲೂ ಸ್ವಲ್ಪ ಮಂದ. ಆದರೂ ಗಂಗೊಳ್ಳಿಯ ದಾರಿಯಲ್ಲಿ ಅದು ತನ್ನ ಯೋಗ್ಯತೆಯನ್ನು ತೋರಿಸಿತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ. ಅಮೆರಿಕದವರು ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಿನಲ್ಲಿ ನಿಲ್ಲಿಸುವವರೆಗೆ ಸಾಮಾನ್ಯರ ಜಿಪಿಎಸ್ ನೂರು ಮೀಟರಿನಷ್ಟು ತಪ್ಪುತ್ತಿತ್ತು. ಆ ಕಾಲದಲ್ಲಾದರೆ ನಮ್ಮ ಕಾರು ಕ್ಷಣಕ್ಕೊಮ್ಮೆ ಕಡಲಿಗೂ ಹೊಳೆಗೂ ಜಿಗಿಯುತ್ತಿದ್ದಿರಬೇಕು. ಈ ಸಲ ಯಂತ್ರವು ನಮ್ಮನ್ನು ಎರಡು ನೀರುಗಳ ನಡುವಣ ರಸ್ತೆಯಲ್ಲಿಯೇ, ಒಂದಿಷ್ಟೂ ಅಲುಗದೆ, ನಿಲ್ಲಿಸಿತು.

ಯಂತ್ರವನ್ನು ಭಾವನವರಿಗೊಪ್ಪಿಸಿ ಬಂದೆವು. ಅವರು ಅದನ್ನು ದೋಣಿಯಲ್ಲಿ ಉಪಯೋಗಿಸುತ್ತಿಲ್ಲವೆಂದು ಅತ್ತಿಗೆಯವರಿಂದ ತಿಳಿಯಿತು. ಅಣುಗಡಿಯಾರದ ಆಧಾರವುಳ್ಳ ಕಾಲವನ್ನು ತೋರಿಸುವುದೆಂಬ ಕಾರಣಕ್ಕೆ ಜಗಲಿಯ ಗೂಡಿನಲ್ಲಿಟ್ಟು, ಕುಂದಾಪುರದ ಬಸ್ಸು ಎಷ್ಟು ಸೆಕೆಂಡು ತಡವಾಯಿತೆಂದು ಕಂಡಕ್ಟರನಿಗೆ ದಿನವೂ ವರದಿಯೊಪ್ಪಿಸುತ್ತಿದ್ದಾರಂತೆ. ಜೂನ್ ಬಂದರೂ ಯಂತ್ರ ಬಾರದಿರಲು ನಾನು ಫೋನು ಮಾಡಿ, ಒಪ್ಪಂದವನ್ನು ಜ್ಞಾಪಿಸಿದೆ.

“ಗಂಟೆ ಬಾರೀ ಸಮ ಇತ್ತ್ ಭಾವ, ಅದನ್ನ್ ಕಳ್ಸುದ್ ಹ್ಯಾಂಗೆ?” ಎಂದರು. ಬಳಿಕ ಸ್ವಲ್ಪ ಯೋಚಿಸಿ, “ನಿಮ್ಗೆ ಮಳಿಗಾಲ್ದಗೆ ಅದ್ ಎಂತಕೆ? ದೋಣಿ ಇಲ್ಲಿ ಸುಮ್ಮನೆ ಮನ್ಕಂಡಿತ್ತ್. ಅದನ್ನೇ ಲಾರಿ ಮೇಲ್ ಕಳ್ಸ್ತೆ” ಎಂದರು.

ನಾನು ನಗುವಷ್ಟರಲ್ಲಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಕಿಟಕಿಯಾಚೆ ಬೀದಿಯನ್ನೊಮ್ಮೆ ನೋಡಿ, ಲಾರಿಯ ಬಾಡಿಗೆಯೂ ಅರ್ಧರ್ಧವೋ, ಅಥವಾ ಪೂರ್ತಿ ನಮ್ಮದೋ, ಕೇಳಿ ಎಂದಳು.