ಸ್ಫೂರ್ತಿ ಮಾವ

ಬೆಳಗಿನ ಜಾವ ಐದೂವರೆಗೆ ಫೋನು ‘ಟಿಣ್’ ಎಂದರೆ ಸ್ಫೂರ್ತಿ ಮಾವ ಎದ್ದರು ಎಂದೇ ಅರ್ಥ. ಸೂರ್ಯೋದಯದ ಚಿತ್ರ, ಅದರ ಮೇಲೆ ಅಬ್ದುಲ್ ಕಲಾಂ, ಕೆಳಗೆ ಕಲಾಂ ಎಂದೂ ಆಡಿರದ ಒಂದು ಮಾತು. ಮನೆತನಕ್ಕೊಬ್ಬರಾದರೂ ಇಂಥವರಿರುತ್ತಾರೆ, ಹೆಚ್ಚಾಗಿ ಬ್ಯಾಂಕಿನಿಂದ ನಿವೃತ್ತರಾದವರು.

ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕೂತ ಹುಡುಗರು ಸಿಕ್ಕರೆ ಬಿಡುವುದುಂಟೆ? “ಬಿಲ್ ಗೇಟ್ಸ್ ಹಾರ್ವರ್ಡ್ ಓದನ್ನೇ ಅರ್ಧಕ್ಕೆ ಬಿಟ್ಟ ಕಣೋ. ಹಾಗಂತ ನೀನು ಬಿಟ್ಟುಬಿಟ್ಟೀಯ!” ಗೇಟ್ಸ್ ಓದಿದ ಸಿಯಾಟಲ್ ಶಾಲೆಗೆ 1968ರಲ್ಲೇ ಕಂಪ್ಯೂಟರ್ ಟರ್ಮಿನಲ್ ಬಂದಿತ್ತು, ಅಪ್ಪ ಹೆಸರಾಂತ ವಕೀಲರು ಎಂಬ ಅಧ್ಯಾಯ ಮಾವನ ಪುರಾಣದಲ್ಲಿಲ್ಲ.

2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದೇ ತಡ, ಮಾವನಿಗೆ ಹಬ್ಬ. ರಾತ್ರಿ ಹನ್ನೊಂದಕ್ಕೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದ ಅಕ್ಕನ ಮಗನಿಗೂ ಅದನ್ನೇ ಕಳಿಸಿದರು. ಎರಡು ಗಂಟೆ ಹೊಡೆಯುತ್ತಲೇ ಕ್ಯಾಶ್ ಕೌಂಟರಿನ ಕಿಂಡಿ ಮುಚ್ಚುತ್ತಿದ್ದದ್ದು ಇದೇ ಕೈ.

ಆದರೂ ಅವರ ಅಚ್ಚುಮೆಚ್ಚಿನ ಕಥೆ ಇನ್ಫೋಸಿಸ್‌ನದೇ. 1981, ಪುಣೆ, ಏಳು ಜನ, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ. ಇಷ್ಟು ಹೊತ್ತಿಗೆ ಅಡುಗೆಮನೆಯಿಂದ ಅತ್ತೆಯ ದನಿ ಬಂದೇ ಬರುತ್ತದೆ: “ಸಾಸಿವೆ ಡಬ್ಬೀಲಿ ನಾನೂ ಕೂಡಿಟ್ಟಿದ್ದೆ. ನಿಮ್ಮ ಸ್ಕೂಟರ್ ಟೈರಿಗೆ ಹೋಯ್ತಲ್ಲ!”

ಮಾವ ಕೇಳಿಸದವರಂತೆ 1993ಕ್ಕೆ ಹಾರುತ್ತಾರೆ. ಆ ವರ್ಷ ಕಂಪನಿ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಿತು. ಕೊಳ್ಳುವವರೇ ಸಾಲದೆ, ಉಳಿದದ್ದನ್ನು ಮಾರ್ಗನ್ ಸ್ಟ್ಯಾನ್ಲಿ ಬಾಚಿಕೊಂಡಿತು. “ಧೈರ್ಯ ಬೇಕು ಕಣೋ, ಧೈರ್ಯ!”

ಆ ಷೇರಿನ ಅರ್ಜಿ ಬೀರುವಿನಲ್ಲಿ, ಹಳೇ ಪಂಚಾಂಗದ ನಡುವೆ ಇನ್ನೂ ಇದೆ. ಹೆಸರು, ವಿಳಾಸ, ಎಲ್ಲ ಮಾವನ ದುಂಡು ಅಕ್ಷರದಲ್ಲಿ. ಸಹಿಯ ಜಾಗ ಮಾತ್ರ ಖಾಲಿ. ದುಡ್ಡು ಎಫ್.ಡಿ.ಗೆ ಹೋಗಿತ್ತು.

ಮೊನ್ನೆ ಅಕ್ಕನ ಮಗ ಆ ಇನ್ಫೋಸಿಸ್ ಕಥೆಯನ್ನೇ ಹಿಡಿದುಕೊಂಡು ಬಂದ. “ಮಾವ, ನಾನೂ ಕೆಲಸ ಬಿಟ್ಟು ಕಂಪನಿ ಶುರು ಮಾಡ್ತೀನಿ. ಹತ್ತು ಸಾವಿರ ಕೊಡ್ತೀರಾ?”

“ಅಯ್ಯೋ, ಮೋಟರ್ ಆಫ್ ಮಾಡೋದೇ ಮರೆತೆ!” ಎಂದು ಮಾವ ಎದ್ದು ಓಡಿದರು.

ಅಂದು ಬೆಳಗಿನಿಂದ ಕರೆಂಟೇ ಇರಲಿಲ್ಲ.